ಹುರಿಯ ಆ ತುದಿ

ದೊಡ್ಡಪ್ಪ ಬದುಕಿನ ಹೆಚ್ಚಿನ ಭಾಗವನ್ನು ಹಿಂದಕ್ಕೇ ನಡೆದವರು. ಹಗ್ಗ ಹೊಸೆಯುವವರ ನಡಿಗೆಯೇ ಹಾಗೆ. ಸೊಂಟಕ್ಕೆ ನಾರು ಸುತ್ತಿಕೊಂಡು, ಬೆರಳ ಸಂದಿಯಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತಾ, ಉದ್ದನೆಯ ಷೆಡ್ಡಿನಲ್ಲಿ ಹಿಮ್ಮುಖ ಹೆಜ್ಜೆ. ಎದುರು ತುದಿಯಲ್ಲಿ ದೊಡ್ಡಮ್ಮ ಒಂದು ಕೈಯಲ್ಲಿ ರಾಟೆ ತಿರುಗಿಸುತ್ತಿದ್ದರು. ಇನ್ನೊಂದು ಕೈ ಹುರಿಯ ಮೇಲೆ. ರಾಟೆಯ ಸದ್ದಿಗೆ ಅಷ್ಟು ದೂರದ ಮಾತು ಕೇಳಿಸದು. ದೊಡ್ಡಪ್ಪನ ಬೆನ್ನ ಹಿಂದೇನಿದೆ ಎಂದು ಕಾಣುತ್ತಿದ್ದದ್ದು ದೊಡ್ಡಮ್ಮನಿಗೆ ಮಾತ್ರ. ಹುರಿಯನ್ನು ಒಮ್ಮೆ ಜಗ್ಗಿದರೆ ನಿಲ್ಲು, ಎರಡು ಸಲ ಜಗ್ಗಿದರೆ ನಡಿ. ಕಿಟಕಿಯ ಪಕ್ಕ ನೆಲ ಕುಸಿದು ಗುಂಡಿಯಾಗಿತ್ತು. ಅಲ್ಲಿ ದೊಡ್ಡಮ್ಮ ತಪ್ಪದೆ ಒಮ್ಮೆ ಜಗ್ಗುತ್ತಿದ್ದರು.

ಹುರಿಗೆ ದೊಡ್ಡಪ್ಪ ‘ಲೈನ್’ ಎನ್ನುತ್ತಿದ್ದರು. ಆ ಇಂಗ್ಲಿಷ್ ಮಾತು ಅಗಸೆ ನಾರಿನ ದಾರದಿಂದ ಹುಟ್ಟಿ, ಆಮೇಲೆ ಗೆರೆಗೆ, ಕರೆಂಟಿಗೆ, ಫೋನಿಗೆ ಹಬ್ಬಿತಂತೆ ಎಂದು ನಾನು ಕಾಲೇಜಿನಿಂದ ಬಂದು ಹೇಳಿದೆ.

“ಹಾಗಾದ್ರೆ ಫೋನು ನಮ್ಮ ನೆಂಟರ ಪೈಕಿ ಅನ್ನು,” ಎಂದು ನಕ್ಕರು.

ದೊಡ್ಡಮ್ಮ ತೀರಿಕೊಂಡ ಮೇಲೆ ರಾಟೆಗೆ ಅವರ ಮಗಳು, ನಮ್ಮ ಅಕ್ಕ, ಕೂತಳು. ಗುಂಡಿಗೆ ಸಿಮೆಂಟು ಹಾಕಿಸಿದಳು. ಆದರೂ ಕಿಟಕಿಯ ಬಳಿ ದೊಡ್ಡಪ್ಪ ಗಕ್ಕನೆ ನಿಲ್ಲುತ್ತಿದ್ದರು. ರಾಟೆ ತಿರುಗುತ್ತಲೇ ಇದ್ದು, ಹುರಿ ಅಲ್ಲಿ ಮುರುಟಿ ಗಂಟಾಗುತ್ತಿತ್ತು. ಗಂಟಿನ ಹಗ್ಗ ಅಂಗಡಿಯಿಂದ ವಾಪಸು ಬರುತ್ತಿತ್ತು.

“ಅಪ್ಪಾ, ಗುಂಡಿ ಮುಚ್ಚಿದೀವಲ್ಲ, ಯಾಕೆ ನಿಲ್ತೀಯಾ?”

“ನಿಲ್ಲು ಅಂದ್ಲು, ನಿಂತೆ. ಮುಚ್ಚಿದ್ದು ನಿಮ್ಮಮ್ಮನಿಗೆ ಹೇಳಿದ್ಯಾ?”

ಅಪ್ಪನ ಬುದ್ಧಿ ಕೈಕೊಟ್ಟಿತೆಂದು ಅಕ್ಕ ಹೆದರಿದಳು. ರಾಟೆ ಮಾರಿ ಷೆಡ್ಡು ಮುಚ್ಚಿಬಿಡೋಣವೆಂದು ಕೊಳ್ಳುವವನಿಗೆ ಬರಹೇಳಿದಳು. ದೊಡ್ಡಪ್ಪ ಎದುರಾಡಲಿಲ್ಲ. “ಒಂದೇ ಒಂದು ಸಲ ನೀನು ನಡಿ, ನಾನು ತಿರುಗಿಸ್ತೀನಿ. ಆಮೇಲೆ ಮಾರ್ಕೋ,” ಎಂದರು.

ಅಕ್ಕ ನಾರು ಸುತ್ತಿಕೊಂಡು ಹಿಂದಕ್ಕೆ ನಡೆದಳು. ನಾನು ಕಿಟಕಿಯ ಬಳಿ ಇದ್ದೆ. ಬಿಸಿಲು ಅವಳ ಹೆಗಲಿಗೆ ಬಿದ್ದಾಗ ಹುರಿ ಒಮ್ಮೆ ಜಗ್ಗಿತು. ನನಗೂ ಕಂಡಿತು.

“ತಮಾಷೆ ಸಾಕಪ್ಪಾ!” ಎಂದು ಕೂಗಿ ತಲೆಯೆತ್ತಿದಳು.

ದೊಡ್ಡಪ್ಪನಿಗೆ ಕೇಳಿಸಲಿಲ್ಲ. ಅವರ ಎರಡೂ ಕೈ ರಾಟೆಯ ಹಿಡಿಯ ಮೇಲಿದ್ದವು.

ಅಕ್ಕ ನಿಂತುಬಿಟ್ಟಳು. ಹುರಿ ಮುರುಟತೊಡಗಿತು. ಅವಳು ಅದರತ್ತ ಬಾಗಿ, ನಿದ್ದೆಯಲ್ಲಿರುವವರನ್ನು ಎಬ್ಬಿಸುವ ಹಾಗೆ, ಮೆಲ್ಲಗೆ ಹೇಳಿದಳು:

“ಅಮ್ಮಾ, ಗುಂಡಿ ಮುಚ್ಚಿದೀವಿ.”

ಹುರಿ ಸುಮ್ಮನಿತ್ತು. ಆಮೇಲೆ ಎರಡು ಸಲ ಜಗ್ಗಿತು.

ಸಂಜೆ ಕೊಳ್ಳುವವನು ಬಂದು ಷೆಡ್ಡಿನೊಳಗೆ ಇಣುಕಿದ. “ಇಷ್ಟುದ್ದದ ಜಾಗದಲ್ಲಿ ಎಷ್ಟು ಜನ ಕೆಲಸಕ್ಕಿದ್ದೀರಮ್ಮಾ?”

ಅಕ್ಕ ಬಾಗಿಲು ಬಿಟ್ಟು ಸರಿಯಲಿಲ್ಲ.

“ಮೂರು ಜನ,” ಎಂದಳು. “ಅಪ್ಪ, ಅಮ್ಮ, ನಾನು. ರಾಟೆ ಕೊಡಲ್ಲ, ಹೋಗಿ ಬನ್ನಿ.”