ಒಂದೇ ಬಳಿಯ ಇಬ್ಬರು ನಡೆದದ್ದು

ಅಕ್ಕನಿಗೆ ಮನಸ್ಸು ಕುಗ್ಗುವ ಕಾಯಿಲೆ ಹಿಡಿದ ವರ್ಷ ನನಗೂ ಅದರಲ್ಲಿ ಸಣ್ಣದೊಂದು ಪಾಲು ಸಿಕ್ಕಿತು. ಮೂಡುಬಿದಿರೆಯ ಡಾಕ್ಟರು ಅವಳಿಗೆ ಮಾತ್ರೆ ಬರೆದರು. ಇಬ್ಬರಿಗೂ ದಿನಾ ಬೆಳಿಗ್ಗೆ ಬಿರುಸಾಗಿ ನಡೆಯಲು ಹೇಳಿದರು. ಬಂಟ್ವಾಳದ ನಮ್ಮ ಮನೆಯಿಂದ ಪಾಣೆಮಂಗಳೂರಿನ ಹಳೆ ಸೇತುವೆಯವರೆಗೆ ನಡೆಯುತ್ತಿದ್ದೆವು. ಅವಳನ್ನು ನಗಿಸಲು ದಾರಿಯುದ್ದಕ್ಕೂ ಮೀನಿನವನ ಕೂಗು, ಕಂಡಕ್ಟರನ ಸೀಟಿ, ಡಾಕ್ಟರರ ಕೆಮ್ಮು ಎಲ್ಲ ಮಾಡಿ ತೋರಿಸುತ್ತಿದ್ದೆ. ನನ್ನ ಏದುಸಿರನ್ನೂ ಅಣಕಿಸದೆ ಬಿಡಲಿಲ್ಲ. ಅದು ಹಳೆಯ ಪಂಪ್‌ಸೆಟ್ಟಿನ ಹಾಗೆ ಬರುತ್ತಿತ್ತು. ಅಕ್ಕ ಮರ್ಯಾದೆಗೆ ನಗುತ್ತಿದ್ದಳು.

ಮಳೆಗಾಲ ಮುಗಿಯುವಷ್ಟರಲ್ಲಿ ನನಗೆ ಹಸಿವು ಬಂತು, ನಿದ್ದೆ ಬಂತು. ಅಕ್ಕ ಹಾಗೆಯೇ ಇದ್ದಳು.

ಬೆಳ್ತಂಗಡಿಯಿಂದ ಸೋದರಮಾವ ಬಂದರು. ನಮ್ಮಲ್ಲಿ ಬಳಿ, ಅಂದರೆ ಕುಲ, ತಾಯಿಯಿಂದ ಬರುವುದು. ಹಾಗಾಗಿ ಮಾವನ ಮಾತೇ ಕೊನೆ.

"ಒಂದೇ ಬಳಿ, ಒಂದೇ ರಕ್ತ. ನಡೆದು ಇವನಿಗೆ ಗುಣ ಆದದ್ದು ಇವಳಿಗೆ ಆಗುದಿಲ್ಲ ಅಂದ್ರೆ ಇವಳು ಸರಿ ನಡೆಯುದಿಲ್ಲ, ಅಷ್ಟೇ."

ಅವರ ಬೆನ್ನ ಹಿಂದೆ ನಿಂತು ಮಾವನ ಹಾಗೆಯೇ ಮೀಸೆ ತಿರುವಿದೆ. ಅಕ್ಕ ನೋಡಲಿಲ್ಲ. ಮರುದಿನದಿಂದ ಸಂಜೆಯೂ ಒಬ್ಬಳೇ ನಡೆಯತೊಡಗಿದಳು. ಹಿಮ್ಮಡಿ ಒಡೆದು ರಕ್ತ ಬಂದರೂ ಬಿಡಲಿಲ್ಲ.

ಕೊನೆಗೆ ಅವಳನ್ನು ಪುನಃ ಮೂಡುಬಿದಿರೆಗೆ ಕರೆದುಕೊಂಡು ಹೋದೆ. ಡಾಕ್ಟರು ಅವಳ ಕಾಲು ನೋಡಿ ಮೊದಲು ಹಿಮ್ಮಡಿಗೆ ಮುಲಾಮು ಬರೆದರು. ವ್ಯಾಯಾಮ ಯಾರ ಮನಸ್ಸಿಗೆ ಎಷ್ಟು ಒಗ್ಗುತ್ತದೆ ಎಂಬುದರಲ್ಲಿ ಹುಟ್ಟಿನಿಂದ ಬಂದ ಜೀನುಗಳ ಕೈಯೂ ಇರಬಹುದು, ಒಂದೇ ಹೊಟ್ಟೆಯ ಮಕ್ಕಳಿಗೂ ಅವು ಒಂದೇ ತರ ಬಂದಿರುವುದಿಲ್ಲ, ಅವಳಲ್ಲಿ ಹೇಗಿದೆಯೆಂದು ಹೇಳಲು ತನಗೂ ಬಾರದು ಎಂದರು. ಮಾತ್ರೆ ಬದಲಿಸಿ ನೋಡುವ ಎಂದರು.

ಅಕ್ಕ ಕೇಳಿದ್ದು ಒಂದೇ. "ಹಾಗಾದ್ರೆ ನಾನು ಸೋಮಾರಿ ಅಲ್ವಾ ಡಾಕ್ಟ್ರೇ?"

"ಅಲ್ಲಮ್ಮ."

ಬಸ್ಸಿನಲ್ಲಿ ಬಂಟ್ವಾಳದವರೆಗೂ ಕಿಟಕಿಗೆ ಮುಖ ಮಾಡಿ ಅತ್ತಳು.

ಹೊಸ ಮಾತ್ರೆ ಇನ್ನೂ ಹಿಡಿಯಬೇಕಷ್ಟೆ. ಈಗ ಬೆಳಿಗ್ಗೆ ಒಬ್ಬನೇ ನಡೆಯುತ್ತೇನೆ. ವಾಪಸು ಬರುವಾಗ ಮೈ ಹಗುರವಾಗಿ ಸುಮ್ಮನೆ ಖುಷಿಯಾಗುತ್ತದೆ. ಅದಕ್ಕೆ ನಾಚಿಕೆಯೂ ಆಗುತ್ತದೆ. ಮೊನ್ನೆ ಗೇಟಿನ ಹತ್ತಿರ ನಿಂತು ಮುಖ ಸಪ್ಪೆ ಮಾಡಿಕೊಳ್ಳುತ್ತಿದ್ದೆ. ಜಗಲಿಯಲ್ಲಿ ಕೂತಿದ್ದ ಅಕ್ಕ ನೋಡಿಬಿಟ್ಟಳು.

"ಅದು ಬೇಡ ಮಾರಾಯ, ನಿಂಗೆ ಬರುದಿಲ್ಲ," ಎಂದಳು. ಸ್ವಲ್ಪ ತಡೆದು, "ಹೇಗೆ ಆಗ್ತದೆ ಹೇಳು, ನಡೆದ ಮೇಲೆ?"

ಪಕ್ಕದಲ್ಲಿ ಕೂತು ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು.