ಗ್ಯಾಸಿನ ಒಲೆಯ ಶುಕ್ರವಾರಗಳು

ಒಲೆ ಹಚ್ಚಲು ನನಗೆ ಇವತ್ತಿಗೂ ಬರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಗಂಡಸರಿದ್ದಾರೆ. ನಾನು ಆ ಗುಂಪಿನವನಲ್ಲ. ಆದರೆ ಒಂದು ಒಲೆಯನ್ನು ಬಿಚ್ಚಿ, ತೊಳೆದು, ಒರೆಸಿ, ಮತ್ತೆ ಜೋಡಿಸುವುದು ಹೇಗೆಂದು ಯಾರಾದರೂ ಕೇಳಿದರೆ ಒಂದು ತಾಸು ಮಾತನಾಡಬಲ್ಲೆ. ಕೈಯಿಂದ ಮಾಡಿ ಕಲಿತ ವಿದ್ಯೆಯಲ್ಲ, ಕೂತು ನೋಡಿ ಕಲಿತದ್ದು. ನಾನು ಮಾಸ್ತರನಾಗಿದ್ದವನು. ಕೂತು ತಿಳಿದದ್ದನ್ನು ನಿಂತು ಹೇಳುವುದೇ ನನ್ನ ಉದ್ಯೋಗವಾಗಿತ್ತು.

ಇದು ಹುಮನಾಬಾದಿನ ಮಾತು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ, ನಿಜಾಮರ ಆಳ್ವಿಕೆ, ಆದ್ದರಿಂದ ಶಾಲೆಗೆ ಶುಕ್ರವಾರ ರಜೆ. ನನಗಿನ್ನೂ ಮದುವೆಯಾಗಿರಲಿಲ್ಲ. ಎರಡು ಹೊತ್ತಿನ ಊಟ ಬಸ್ಸು ನಿಲ್ಲುವ ಜಾಗದ ಎದುರಿಗಿದ್ದ ರೇವಣಪ್ಪನವರ ಖಾನಾವಳಿಯಲ್ಲಿ. ರೇವಣಪ್ಪನವರಿಗೆ ಆಗ ಐವತ್ತರ ಮೇಲಾಗಿತ್ತು. ಬೇಮಳಖೇಡದಿಂದ ಬಂದು ಇಲ್ಲಿ ನೆಲೆ ನಿಂತಿದ್ದರು. ರೊಟ್ಟಿ, ಪಲ್ಯ ಅವರ ಹೆಂಡತಿ ಸುಗಲಾಬಾಯಿಯವರದು, ಕಟ್ಟಿಗೆಯ ಒಲೆಯ ಮೇಲೆ. ಚಹಾ ಮತ್ತು ಬೇಳೆ ರೇವಣಪ್ಪನವರದು, ಗ್ಯಾಸಿನ ಒಲೆಯ ಮೇಲೆ.

ಗ್ಯಾಸು ಎಂದರೆ ಈಗಿನ ಸಿಲಿಂಡರಿನ ಗ್ಯಾಸಲ್ಲ. ಮದುವೆ ಮೆರವಣಿಗೆಯಲ್ಲಿ ತಲೆಯ ಮೇಲೆ ಹೊತ್ತು ನಡೆಯುವ ದೀಪಕ್ಕೆ ಗ್ಯಾಸಬತ್ತಿ ಎನ್ನುವುದಿಲ್ಲವೆ? ಅದೇ ಜಾತಿಯ ಒಲೆ. ಹಿತ್ತಾಳೆಯ ಟಾಕಿಯಲ್ಲಿ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಪಕ್ಕದಲ್ಲಿ ಗಾಳಿ ಹೊಡೆಯುವ ಪಂಪು, ಮೇಲೆ ಎರಡು ಬರ್ನರು. ಗಾಳಿಯ ಒತ್ತಡಕ್ಕೆ ಎಣ್ಣೆ ಮೇಲೇರಿ, ಕಾದು ಆವಿಯಾಗಿ, ನಾಜಲ್ ಎಂಬ ಗುಂಡಿಯಷ್ಟು ಹಿತ್ತಾಳೆ ತುಣುಕಿನ ಸೂಜಿಮೊನೆಯಷ್ಟು ತೂತಿನಿಂದ ಹೊರಬಂದು ಉರಿಯುತ್ತದೆ. ಹೈದರಾಬಾದಿನಿಂದ ಬರುವ ಬಸ್ಸು ನಿಲ್ಲುವುದೇ ಸ್ವಲ್ಪ ಹೊತ್ತು. ಅಷ್ಟರಲ್ಲಿ ಕಟ್ಟಿಗೆಯ ಒಲೆಯ ಮೇಲೆ ಇಪ್ಪತ್ತು ಮಂದಿಗೆ ಚಹಾ ಆಗುವುದಿಲ್ಲ; ಈ ಒಲೆಯ ಮೇಲೆ ಆಗುತ್ತಿತ್ತು. ತಮ್ಮ ಬಾಗಿಲಿನಿಂದ ಒಂದು ಬಸ್ಸೂ ಚಹಾ ಇಲ್ಲದೆ ಹೋಗಿಲ್ಲವೆಂಬುದು ರೇವಣಪ್ಪನವರ ಜೀವನದ ದೊಡ್ಡ ಅಭಿಮಾನ.

ಶುಕ್ರವಾರ ಬೆಳಗಿನ ಬಸ್ಸು ಹೋದ ಮೇಲೆ ಅವರು ಒಲೆ ಬಿಚ್ಚುತ್ತಿದ್ದರು. ಗೋಣಿತಟ್ಟು ಹಾಸಿ, ಬಿಚ್ಚಿದ ಪ್ರತಿಯೊಂದು ತುಣುಕನ್ನೂ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುವರು. ಬರ್ನರಿಗೆ ಅಂಟಿದ ಬೇಳೆ, ಉಕ್ಕಿದ ಹಾಲಿನ ಕರಕು ಎಲ್ಲವನ್ನೂ ಸೋಡಾದ ಬಿಸಿನೀರಿನಲ್ಲಿ ನೆನೆಹಾಕುವರು. ಟಾಕಿಯ ತಳದ ಗಸಿಯನ್ನು ಚೆಲ್ಲಿ, ಹೊಸ ಎಣ್ಣೆಯನ್ನು ಪಂಚೆಯ ತುಂಡಿನಲ್ಲಿ ಸೋಸಿ ಹಾಕುವರು. ಪಂಪಿನೊಳಗಿನ ಚರ್ಮದ ಬಿಲ್ಲೆಗೆ ಒಂದು ಹನಿ ಎಣ್ಣೆ. ನಾಜಲಿನ ತೂತಿಗೆ ಸೂಜಿ. ಕೊನೆಗೆ ಟಾಕಿಯ ಮೈಗೆ ಹುಣಸೆಹಣ್ಣು, ಬೂದಿ. ಯಾರಿಗೂ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ನಾನು ಬೆಂಚಿನ ಮೇಲೆ ಕೂತು, ಒಲೆಯ ಜೊತೆ ಬಂದಿದ್ದ ಇಂಗ್ಲಿಷಿನ ಪುಸ್ತಿಕೆಯನ್ನು ಕೈಯಲ್ಲಿ ಹಿಡಿದು, ಮುಂದೇನು ಮಾಡಬೇಕೆಂದು ಹೇಳುತ್ತಿದ್ದೆ. ನಾನು ಹೇಳುವ ಮೊದಲೇ ಅವರು ಅದನ್ನು ಮಾಡಿ ಮುಗಿಸಿರುತ್ತಿದ್ದರು. ನನ್ನ ಓದು ಅವರ ಕೆಲಸದ ಹಿಂದೆ, ಬಂಡಿಯ ಹಿಂದೆ ನಡೆಯುವ ನಾಯಿಯ ಹಾಗೆ ನಡೆಯುತ್ತಿತ್ತು.

ಅಗ್ನಿಗೆ ಏಳು ನಾಲಗೆಗಳೆಂದು ಹಿರಿಯರು ಎಣಿಸಿಟ್ಟಿದ್ದಾರೆ. ಒಂದು ಕಪ್ಪು, ಒಂದು ಕೆಂಪು, ಒಂದು ಹೊಗೆಬಣ್ಣ, ಹೀಗೆ. ಅವರು ಎಣಿಸಿದ್ದು ಕಟ್ಟಿಗೆಯ ಬೆಂಕಿಯನ್ನು. ಗ್ಯಾಸಿನ ಒಲೆಗೆ ಬೇಕಾದದ್ದು ಒಂದೇ ಬಣ್ಣ, ನೀಲಿ. ನೀಲಿ ಇದ್ದರೆ ಒಲೆ ಶುದ್ಧ. ಹಳದಿಯಾದರೆ ಎಲ್ಲೋ ಕಸ ಕೂತಿದೆ, ಪಾತ್ರೆಯ ತಳಕ್ಕೆ ಮಸಿ, ಚಹಾಕ್ಕೆ ಹೊಗೆಯ ವಾಸನೆ. ಪುಸ್ತಿಕೆಯಲ್ಲಿ ಇದಿಷ್ಟನ್ನೂ ದಪ್ಪಕ್ಷರದಲ್ಲಿ ಬರೆದಿತ್ತು.

ನನ್ನ ಮೂರನೆಯ ವರ್ಷದಲ್ಲಿ ಒಲೆ ಹಳದಿಯಾಗತೊಡಗಿತು. ಬೇಳೆಯ ಪಾತ್ರೆಗಳು ಕಪ್ಪಾದವು. ಅವನ್ನು ಉಜ್ಜಿ ಉಜ್ಜಿ ಸುಗಲಾಬಾಯಿಯವರ ಉಗುರುಗಳೂ ಕಪ್ಪಾದವು. ಯುದ್ಧಕಾಲದ ಎಣ್ಣೆ ಹೊಲಸು ಎಂದು ಕೆಲವು ದಿನ ಎಲ್ಲರೂ ಸಮಾಧಾನ ಹೇಳಿಕೊಂಡರು. ಒಂದು ಬೆಳಿಗ್ಗೆ ಬಸ್ಸಿನವರೆಲ್ಲ ಚಹಾಕ್ಕೆ ಕೂತಿದ್ದಾಗ ನಾನು ಉರಿ ಹಳದಿಯಾಗಿದೆಯೆಂದು ರೇವಣಪ್ಪನವರಿಗೆ ಹೇಳಿದೆ. ಅವರು ಒಲೆಯ ಕಡೆ ನೋಡಿ, "ನೀಲಿನೇ ಅದಲ್ರಿ ಮಾಸ್ತರ" ಎಂದರು. ಬೆಂಕಿ ಆಗ ಚೆಂಡುಹೂವಿನ ಬಣ್ಣಕ್ಕಿತ್ತು. ಹಟಮಾರಿತನವೆಂದುಕೊಂಡೆ. ಹಟವನ್ನು ನಗೆಯಿಂದ ಮುರಿಯಬೇಕೆಂಬುದು ತರಗತಿಯಲ್ಲಿ ಕಲಿತ ಕೆಟ್ಟ ಚಾಳಿ.

"ಬೇಮಳಖೇಡದಾಗ ಅರಿಶಿಣಕ್ಕ ನೀಲಿ ಅಂತಾರೇನ್ರಿ?" ಎಂದೆ.

ಬಸ್ಸಿನವರು ನಕ್ಕರು. ಒಬ್ಬರು ಮುಂದಿನ ಬೆಂಚಿನವರಿಗೂ ಅದನ್ನು ತಿರುಗಿ ಹೇಳಿದರು, ಅವರೂ ನಕ್ಕರು. ರೇವಣಪ್ಪನವರು ಚಹಾ ಸೋಸಿದರು.

ಅದಾಗಿ ತಿಂಗಳೊಳಗೆ ಒಂದು ಶುಕ್ರವಾರ ಸುಗಲಾಬಾಯಿಯವರು ತೊಟ್ಟಿಲ ಕಾರ್ಯಕ್ಕೆಂದು ಹತ್ತಿರದ ಹುಡಗಿ ಎಂಬ ಊರಿಗೆ ಹೋಗಿದ್ದರು. ರೇವಣಪ್ಪನವರು ಎಂದಿನಂತೆ ಒಲೆ ತೊಳೆದು ಜೋಡಿಸಿದರು. ಮಧ್ಯಾಹ್ನದ ಬಸ್ಸಿನ ಸದ್ದು ಕೇಳುತ್ತಲೇ ಗಾಳಿ ಹೊಡೆದು ಕಡ್ಡಿ ಗೀರಿದರು. ಬರ್ನರಿನ ಕೆಳಗಿನ ಒಂದು ತಿರುಪು ಬಿಗಿಯಾಗಿರಲಿಲ್ಲ. ಅಲ್ಲಿಂದ ಎಣ್ಣೆ ಜಿನುಗಿ ಟಾಕಿಯ ಪಕ್ಕಕ್ಕೆ ಬೆಂಕಿ ಹತ್ತಿತು. ನನಗೆ ಆಗ ಅರ್ಥವಾಗದೆ ಹೋದದ್ದು, ಬೆಂಕಿ ಮೊಳಕಾಲ ಹತ್ತಿರ ಬಂದರೂ ಅವರು ಮೇಲಿನ ಬರ್ನರಿನ ಕಡೆಗೇ ಮುಖ ಮಾಡಿ ಕಿವಿಗೊಟ್ಟು ನಿಂತದ್ದು. ನಾನು ಪುಸ್ತಿಕೆಯಲ್ಲಿ ಬೆಂಕಿ ಆರಿಸುವ ಮಾತು ಎಷ್ಟನೆಯ ಪುಟದಲ್ಲಿದೆಯೆಂದು ನೆನಪಿಸಿಕೊಳ್ಳುತ್ತಿದ್ದೆ. ಅದೇ ಬಸ್ಸಿನಿಂದ ಇಳಿದ ಸುಗಲಾಬಾಯಿಯವರು ಒಳಗೆ ಓಡಿಬಂದು, ಗಂಡನನ್ನು ಹಿಂದಕ್ಕೆಳೆದು, ಪಂಪಿನ ಪಕ್ಕದ ತಿರುಪು ಸಡಿಲಿಸಿ ಗಾಳಿ ಬಿಟ್ಟು, ನೀರಿನ ಕೊಡದ ಕೆಳಗಿದ್ದ ಒದ್ದೆ ಗೋಣಿ ತೆಗೆದು ಒಲೆಯ ಮೇಲೆ ಹಾಕಿದರು. ಬೆಂಕಿ ಆರಿತು. ಯಾರಿಗೂ ಏನೂ ಆಗಲಿಲ್ಲ. ಬಸ್ಸಿನವರಿಗೆ ಕಟ್ಟಿಗೆಯ ಒಲೆಯ ಮೇಲೇ ಹೇಗೋ ಚಹಾ ಕಾಯಿಸಿ ಕೊಟ್ಟರು.

ಆ ಒಲೆಯನ್ನು ಮೊದಲು ಕೂಡಿಸಿಕೊಟ್ಟವರು ಕಲ್ಯಾಣಿಯ ಇಸ್ಮಾಯಿಲ್ ಸಾಹೇಬರು. ಈಗ ಬಸವಕಲ್ಯಾಣ ಎನ್ನುವ ಊರು ಆಗ ನಮ್ಮ ಬಾಯಲ್ಲಿ ಕಲ್ಯಾಣಿ. ಮುಂದಿನ ಶುಕ್ರವಾರ ರೇವಣಪ್ಪನವರು ಒಲೆಯನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಹೊರಟರು. ಸುಗಲಾಬಾಯಿಯವರು ನನ್ನನ್ನೂ ಜೊತೆಗೆ ಹೋಗಲು ಕೇಳಿಕೊಂಡರು. ನನ್ನ ಇಂಗ್ಲಿಷಿನ ಅಗತ್ಯ ಬಿದ್ದಿದೆಯೆಂದು ತಿಳಿದು ಪುಸ್ತಿಕೆಯನ್ನು ಜೇಬಿನಲ್ಲಿಟ್ಟುಕೊಂಡೆ. ಬಸ್ಸು ಹತ್ತುವಾಗ ರೇವಣಪ್ಪನವರು ಮೆಟ್ಟಿಲನ್ನು ಕಾಲಿನಿಂದ ತಡವಿ ಹುಡುಕಿದರು. ಕೈಯಲ್ಲಿ ಭಾರವಿದೆ, ಅದಕ್ಕೇ ಎಂದುಕೊಂಡೆ.

ಇಸ್ಮಾಯಿಲ್ ಸಾಹೇಬರ ಅಂಗಡಿ ಕೋಟೆಯ ಕಡೆಗೆ ಹೋಗುವ ಓಣಿಯಲ್ಲಿತ್ತು. ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವುದು ಅವರ ಮನೆತನದ ಕಸುಬು; ಒಲೆ, ದೀಪಗಳ ರಿಪೇರಿ ಅವರು ತಾವೇ ಕಲಿತದ್ದು. ಬಿಳಿಯ ಗಡ್ಡದ, ಮಾತು ಕಡಿಮೆಯ ಮನುಷ್ಯ. ಸುಟ್ಟ ಒಲೆಯನ್ನು ನೋಡಿ ಬೈಯಲಿಲ್ಲ. ನಾಜಲ್ ಬಿಚ್ಚಿ, ತೂತು ತೆರೆದಿದೆಯೋ ನೋಡಿ ಹೇಳಲು ರೇವಣಪ್ಪನವರ ಕೈಗೆ ಕೊಟ್ಟರು. ರೇವಣಪ್ಪನವರು ಅದನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದು, ಬಹಳ ಹೊತ್ತು ನೋಡಿ, ತೆರೆದಿದೆ ಎಂದರು. ಸಾಹೇಬರು ಅದನ್ನು ಮರಳಿ ತೆಗೆದುಕೊಂಡು ನೋಡಿದರು. ಆಮೇಲೆ ನನಗೆ ಕೊಟ್ಟರು. ತೂತಿನ ಗುರುತೂ ಕಾಣದ ಹಾಗೆ ಕರಕು ಕಟ್ಟಿತ್ತು.

ಸಾಹೇಬರು ಕೈಯನ್ನು ಬಟ್ಟೆಗೆ ಒರೆಸಿಕೊಂಡು ಕೇಳಿದರು: "ಎಷ್ಟ ದಿನ ಆತು, ರೇವಣಪ್ಪ?"

ಒಲೆ ಕೆಟ್ಟು ಎಷ್ಟು ದಿನವಾಯಿತೆಂದು ಕೇಳುತ್ತಿದ್ದಾರೆಂದು ತಿಳಿದು ನಾನು ಉತ್ತರಿಸಲು ಬಾಯಿ ತೆರೆದೆ. ರೇವಣಪ್ಪನವರು ನನಗಿಂತ ಮೊದಲೇ ಹೇಳಿದರು.

"ಎರಡ ವರ್ಷ ಆತ್ರಿ. ಮೊದಲ ನೀಲಿ ಹೋತು. ಆಮ್ಯಾಲ ಸಣ್ಣ ಸಾಮಾನು ಕಾಣವಲ್ದು. ಈಗ ಎಲ್ಲಾ ಹೊಗಿ ಹಿಡದಂಗ ಕಾಣ್ತದ." ಆಮೇಲೆ ನನ್ನ ಕಡೆ ತಿರುಗಿದರು. "ಮಾಸ್ತರ, ಮನ್ಯಾಗ ಹೇಳಬ್ಯಾಡ್ರಿ. ಒಲಿ ಮುಟ್ಟಾಕ ಬಿಡೂದಿಲ್ಲ ಆಕಿ."

ಕಣ್ಣಿನ ಪೊರೆ. ಎರಡು ವರ್ಷದಿಂದ ಪ್ರತಿ ಶುಕ್ರವಾರ ಎದುರಿಗೇ ಕೂತಿದ್ದವನು ನಾನು. ತುಣುಕುಗಳನ್ನು ಸಾಲಾಗಿ ಇಡುವುದನ್ನು ಶಿಸ್ತು ಎಂದು ಮೆಚ್ಚಿದ್ದೆ. ಮತ್ತೆ ಕೈಗೆ ಸಿಗಲಿ ಎಂದು ಇಡುತ್ತಿದ್ದರೆಂದು ಹೊಳೆದಿರಲಿಲ್ಲ. ಅರಿಶಿಣದ ಮಾತು ನೆನಪಾಗಿ ನಾನು ಓಣಿಯ ಕಡೆ ನೋಡುತ್ತ ಕೂತೆ.

ಒಲೆಯ ಕೆಲಸ ಸಾಕುಮಾಡಿ ಎಂದು ಇಸ್ಮಾಯಿಲ್ ಸಾಹೇಬರು ಹೇಳಬಹುದಿತ್ತು. ಹೇಳಲಿಲ್ಲ. ಲೋಹ ಉಜ್ಜುವ ಅರವನ್ನು ತೆಗೆದುಕೊಂಡು ಪ್ರತಿ ತಿರುಪಿನ ಅಂಚಿಗೆ ಒಂದು ಗೀರು, ಅದು ಕೂರುವ ಜಾಗಕ್ಕೆ ಒಂದು ಗೀರು ಹಾಕಿದರು. ಎರಡು ಗೀರು ಹೆಬ್ಬೆರಳಿಗೆ ಒಂದೇ ಸಾಲಿನಲ್ಲಿ ಸಿಕ್ಕರೆ ತಿರುಪು ಬಿಗಿಯಾಗಿದೆ ಎಂದರ್ಥ. ಜೋಡಿಸಿ ಗಾಳಿ ಹೊಡೆದ ಮೇಲೆ, ಕಡ್ಡಿ ಗೀರುವ ಮೊದಲು, ಸಂದುಗಳಿಗೆ ಸಾಬೂನಿನ ನೊರೆ ಸವರಿ ಬೆರಳಿಡಬೇಕು. ಸೋರುತ್ತಿದ್ದರೆ ಗುಳ್ಳೆ ಬೆರಳನ್ನು ತಳ್ಳುತ್ತದೆ. ನಾಜಲನ್ನು ತುಟಿಗಿಟ್ಟು ಊದಿ ಮಣಿಕಟ್ಟಿನ ಮೇಲೆ ಗಾಳಿ ಬಿಡಬೇಕು. ತೂತು ಶುದ್ಧವಿದ್ದರೆ ಗಾಳಿ ದಾರದ ಹಾಗೆ ಒಂದೇ ಎಳೆಯಾಗಿ ತಾಗುತ್ತದೆ. ಕೊನೆಗೆ ಒಲೆ ಹಚ್ಚಿ, ಒಮ್ಮೆ ಶುದ್ಧ ನಾಜಲ್, ಒಮ್ಮೆ ಕಸ ಹಿಡಿದ ನಾಜಲ್ ಹಾಕಿ ಸದ್ದು ಕೇಳಿಸಿದರು. ಒಂದು ಸಮನಾಗಿ ಮೊರೆಯುತ್ತಿತ್ತು, ಇನ್ನೊಂದು ನಡುನಡುವೆ ಉಸಿರು ಸಿಕ್ಕಿಕೊಂಡಂತೆ ಫಡಫಡ ಎನ್ನುತ್ತಿತ್ತು. ರೇವಣಪ್ಪನವರು ಎರಡನೆಯ ಸಲಕ್ಕೇ ತಪ್ಪಿಲ್ಲದೆ ಗುರುತು ಹಿಡಿದರು. ನಾನು ಐದು ಸಲ ಕೇಳಿದರೂ ನನಗೆ ಎರಡೂ ಒಂದೇ. ಇವುಗಳಲ್ಲಿ ಯಾವುದೂ ನನ್ನ ಜೇಬಿನ ಪುಸ್ತಿಕೆಯಲ್ಲಿರಲಿಲ್ಲ.

ಮರಳುವಾಗ ಬಸ್ಸಿನಲ್ಲಿ ನಾನು ಅರಿಶಿಣದ ಮಾತಿಗೆ ಕ್ಷಮೆ ಕೇಳಿದೆ. ಯಾವ ಮಾತು ಎಂದರು ಅವರು. ನೆನಪಿಸಿದೆ. ಅವತ್ತು ಹಾಲು ಒಡೆಯುವ ಹಾಗಾಗಿತ್ತು, ಅದರ ಕಡೆ ಲಕ್ಷ್ಯವಿತ್ತು, ನೀವು ಏನೋ ಅಂದಿರಿ, ಮಂದಿ ನಕ್ಕರು, ಅಷ್ಟೇ ನೆನಪು ಎಂದರು. ಆ ಮಾತಿನಿಂದ ಅವರ ಎದೆ ಒಡೆದಿದೆಯೆಂದು ನಾನು ಬೆಳಗಿನಿಂದ ಕೊರಗುತ್ತಿದ್ದೆ. ಅದು ಅವರ ಕಿವಿಯ ಒಳಗೇ ಹೋಗಿರಲಿಲ್ಲ. ಸಮಾಧಾನವಾಯಿತು, ನಿಜ ಹೇಳಬೇಕೆಂದರೆ, ಸ್ವಲ್ಪ ಅವಮಾನವೂ ಆಯಿತು.

ಮರುದಿನ ಊಟಕ್ಕೆ ಹೋದಾಗ ರೇವಣಪ್ಪನವರು ಪೇಟೆಗೆ ಹೋಗಿದ್ದರು. ಸುಗಲಾಬಾಯಿಯವರು ರೊಟ್ಟಿ ಹಾಕುತ್ತ, ಸಾಹೇಬರು ಏನು ಹೇಳಿದರೆಂದು ಕೇಳಿದರು. ನಾನು ತಿರುಪು, ನಾಜಲ್ ಎಂದು ಒಂದಿಷ್ಟು ಪಾಠ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರು:

"ಅವರಿಗೆ ಕಾಣ್ಸೂದಿಲ್ಲ ಅಂತ ನನಗ ಗೊತ್ತದ್ರಿ, ಮಾಸ್ತರ. ಒಲಿ ಜೋಡ್ಸಿ ಅವರು ಜಳಕಕ್ಕ ಹೋದಾಗ ತಿರುಪು ಎಲ್ಲಾ ನಾನೇ ಬಿಗಿ ಮಾಡ್ತಿದ್ದೆ. ಒಳಗಿಂದು ಬಿಚ್ಚಾಕ ನನಗ ಬರೂದಿಲ್ಲ. ಆವತ್ತ ನಾ ಊರಾಗ ಇರಲಿಲ್ಲ, ನೋಡ್ರಿ."

ಹಾಗಿದ್ದರೆ ಅವರಿಗೇ ಯಾಕೆ ಹೇಳಲಿಲ್ಲ ಎಂದೆ.

"ಅವರ ಬಾಯಿಲೆ ಬರ್ಲಿ ಅಂತ ಕಾಯಾಕತ್ತೇನಿ. ನನಗ ಗೊತ್ತದ ಅಂತ ನೀವು ಹೇಳಬ್ಯಾಡ್ರಿ." ಇನ್ನೊಂದು ರೊಟ್ಟಿ ಹಾಕಿ, ಅದೇ ಧ್ವನಿಯಲ್ಲಿ ಮುಂದುವರಿಸಿದರು: "ಆವತ್ತ ನೀವು ಬಸ್ಸಿನವರನ್ನ ನಗಿಸಿದ್ರಿ. ನಿಮಗ ಎರಡ ದಿನ ರೊಟ್ಟಿ ಹಾಕಬಾರದು ಅನ್ನೂವಷ್ಟು ಸಿಟ್ಟು ಬಂದಿತ್ತು ನನಗ."

ಕೊನೆಗೂ ನೆನಪಿಟ್ಟುಕೊಂಡವರು ಒಬ್ಬರು ಸಿಕ್ಕರು. ಅಲ್ಲಿಯೇ ಕ್ಷಮೆ ಕೇಳಿದೆ. ಅವರು ತಲೆಯಾಡಿಸಿ ಒಲೆಯ ಕಡೆ ಹೋದರು.

ಹೀಗೆ ಗಂಡನ ಗುಟ್ಟು ಹೆಂಡತಿಗೆ ಹೇಳಬಾರದು, ಹೆಂಡತಿಯ ಗುಟ್ಟು ಗಂಡನಿಗೆ ಹೇಳಬಾರದು, ಎರಡೂ ಒಂದೇ ಗುಟ್ಟು. ಇದನ್ನು ಹೊತ್ತುಕೊಂಡು ದಿನಕ್ಕೆರಡು ಸಲ ಅವರಿಬ್ಬರ ನಡುವೆ ಕೂತು ಉಣ್ಣಬೇಕು. ಮದುವೆಯಾಗದವನಿಗೆ ಸಂಸಾರದ ಕಷ್ಟ ಇಷ್ಟೊಂದು ಬರಬಾರದಾಗಿತ್ತು. ಬೇಳೆಗೆ ಉಪ್ಪು ಹೇಗಿದೆ ಎಂದು ಕೇಳಿದರೂ ಬೆಚ್ಚಿಬೀಳುತ್ತಿದ್ದೆ. ಒಲೆ ಮಾತ್ರ ಚೆನ್ನಾಗಿ ಉರಿಯುತ್ತಿತ್ತು. ಪಾತ್ರೆಗಳು ಬೆಳ್ಳಗಾದವು. ರೇವಣಪ್ಪನವರು ಗೀರುಗಳನ್ನು ಹೆಬ್ಬೆರಳಿನಿಂದ ನೋಡಿಕೊಳ್ಳುವುದನ್ನು ಸುಗಲಾಬಾಯಿಯವರು ಬಾಗಿಲ ಮರೆಯಿಂದ ನೋಡುವರು. ನಾನು ಇಬ್ಬರನ್ನೂ ನೋಡದವನಂತೆ ಪುಸ್ತಿಕೆ ತಿರುವುವೆ.

ಜೋಳದ ರಾಶಿಯ ಕಾಲಕ್ಕೆ ಒಂದು ಶುಕ್ರವಾರ ಇದು ಮುಗಿಯಿತು. ಒಲೆ ತೊಳೆದು ಜೋಡಿಸಿಯಾಗಿತ್ತು. ನೊರೆ ಸವರಿ ನೋಡಿ, ಕಡ್ಡಿ ಗೀರಿ, ರೇವಣಪ್ಪನವರು ತಲೆ ವಾರೆ ಮಾಡಿ ಕೇಳಿಸಿಕೊಂಡರು. ಮತ್ತೊಮ್ಮೆ ಕೇಳಿಸಿಕೊಂಡರು. ಏನೋ ಅನುಮಾನ. ಬಸ್ಸು ಆಗಲೇ ಬಂದು ನಿಂತಿತ್ತು. ಅವರು ನನ್ನ ಕಡೆ ತಿರುಗಬಹುದಿತ್ತು. ಹಾಗೆ ನೋಡಿದರೆ ಗುಟ್ಟು ಬಲ್ಲವನು ನಾನೇ. ಅವರು ಒಳಗಿನ ಕೋಣೆಯ ಕಡೆ ಮುಖ ಮಾಡಿ ಕರೆದರು.

"ಸುಗಲಾ, ಇಲ್ಲಿ ಬಾ. ಈ ಉರಿ ಹ್ಯಾಂಗದ ನೋಡಿ ಹೇಳು. ನನಗ ಬಣ್ಣ ಕಾಣ್ಸೂದಿಲ್ಲ."

ಸುಗಲಾಬಾಯಿಯವರು ಹಿಟ್ಟಿನ ಕೈಯಲ್ಲೇ ಬಂದರು. ನೀಲಿ ಎಂದು ಹೇಳಿ ಸಂತೋಷಪಡಿಸುತ್ತಾರೆ ಎಂದುಕೊಂಡೆ. ಬಗ್ಗಿ, ಎರಡೂ ಬರ್ನರುಗಳನ್ನು ಸುತ್ತ ನೋಡಿ, "ಎಡಗಡಿದು ನೀಲಿ ಅದರಿ. ಬಲಗಡಿದು ಒಂದ ಮೂಲ್ಯಾಗ ಹಳದಿ ಅದ" ಎಂದರು.

ರೇವಣಪ್ಪನವರ ಮುಖ ಅರಳಿತು. "ನನಗೂ ಬಲಗಡಿದೇ ಫಡಫಡ ಕೇಳಾಕತ್ತಿತ್ತು" ಎಂದರು. ಕೂಡಲೇ ಗಾಳಿ ಬಿಟ್ಟು ಒಲೆ ಆರಿಸಿ, ಮತ್ತೆ ಗೋಣಿತಟ್ಟು ಹಾಸಿದರು. ಸುಗಲಾಬಾಯಿಯವರು ಸೆರಗಿಗೆ ಕೈ ಒರೆಸಿಕೊಂಡು ಎದುರಿಗೆ ಕೂತರು. ಬರ್ನರು ತಣಿದ ಮೇಲೆ ಬಿಚ್ಚಿ, ನಾಜಲಿನ ತೂತಿಗೆ ಸೂಜಿ ಹಿಡಿಯುವುದನ್ನು ಅವರು ಹೆಂಡತಿಗೆ ಮೊದಲ ಸಲ ತೋರಿಸಿಕೊಟ್ಟರು. ಒತ್ತಬಾರದು, ಸುಮ್ಮನೆ ಇಳಿಬಿಡಬೇಕು ಎಂದು ಅವರು ಹೇಳುತ್ತಿದ್ದರೆ, ಅಷ್ಟು ಗೊತ್ತಾಗದವಳಲ್ಲ ನಾನು ಎಂದು ಇವರು ಅನ್ನುತ್ತಿದ್ದರು.

ಹೊರಗೆ ಡ್ರೈವರ್ ಹಾರ್ನ್ ಹೊಡೆದ. ಸುಗಲಾಬಾಯಿಯವರು ಎದ್ದು ಬಾಗಿಲಿಗೆ ಬಂದು, ಇವತ್ತು ಚಹಾ ಇಲ್ಲ, ನೀವು ನಡೆಯಿರಿ ಎಂದು ಅವನಿಗೆ ಹೇಳಿದರು. ಬಸ್ಸು ಹೊರಟುಹೋಯಿತು. ಅದರ ಸದ್ದು ದೂರವಾಗುವುದು ರೇವಣಪ್ಪನವರಿಗೆ ಕೇಳಿಸಿರಲೇಬೇಕು; ತಲೆ ಎತ್ತಲಿಲ್ಲ. ಒಳಗೆ ಬರುತ್ತ ಸುಗಲಾಬಾಯಿಯವರಿಗೆ ಬೆಂಚಿನ ಮೇಲಿದ್ದ ನಾನು ಕಂಡೆ.

"ನೀವೂ ನಡೀರಿ ಮಾಸ್ತರ" ಎಂದರು. "ಇದಕ್ಕ ನಾವಿಬ್ಬರು ಸಾಕು."

ಪುಸ್ತಿಕೆಯನ್ನು ಬೆಂಚಿನ ಮೇಲಿಟ್ಟು ಎದ್ದೆ. ಮೂರು ವರ್ಷದಲ್ಲಿ ಮೊದಲ ಬಾರಿಗೆ ನನಗೆ ಶುಕ್ರವಾರ ರಜೆ ಸಿಕ್ಕಿತ್ತು.