ಬಾಳೆಯ ಬುಡ ಸೇರಿದ ಆನೆಲದ್ದಿ

ನಾನಿನ್ನೂ ಚಿಕ್ಕವನಿದ್ದಾಗ, ತಿರುವನಂತಪುರದ ಬಾಡಿಗೆ ಮನೆಯಲ್ಲಿ, ಬೇಸಿಗೆ ರಜೆಯ ಒಂದು ದಿನ ಮಾಡಿದ ಕೆಲಸಗಳಿವು: ಬಾವಿಯಿಂದ ನೀರು ಸೇದಿದ್ದು, ಅಕ್ಕಿ ಆರಿಸಿದ್ದು, ಅಕ್ಕನ ಜೊತೆ ಸೀಮೆಎಣ್ಣೆಗೆ ಸಾಲಿನಲ್ಲಿ ನಿಂತದ್ದು, ತಾರಸಿಯ ಮೇಲೆ ಆನೆಲದ್ದಿ ಮಗುಚಿ ಹಾಕಿದ್ದು.

ನಗಬೇಡಿ ಮಕ್ಕಳೇ, ಅಪ್ಪನ ಕೆಲಸವೇ ಅದು. ಮೈಸೂರಿನಿಂದ ವರ್ಗವಾಗಿ ಬಂದಿದ್ದ ಅಪ್ಪ, ಕಾಡುಪ್ರಾಣಿಗಳು ಏನು ತಿನ್ನುತ್ತವೆ ಎಂದು ಅಧ್ಯಯನ ಮಾಡುತ್ತಿದ್ದರು. ವಾರಗಟ್ಟಲೆ ಬೆಟ್ಟದ ರಕ್ಷಿತಾರಣ್ಯದಲ್ಲಿದ್ದು, ಗೋಣಿಚೀಲದಲ್ಲಿ ಲದ್ದಿ ಹೊತ್ತು ಬರುತ್ತಿದ್ದರು. ಒಂದೊಂದು ಜಾಗದ್ದನ್ನು ಒಂದೊಂದು ಮೊರದಲ್ಲಿ ಒಣಗಿಸಿ, ಪುಡಿಮಾಡಿ, ಒಳಗಿನ ಬೀಜ ಆರಿಸಬೇಕು. ಒಣಹುಲ್ಲು, ಹುಳಿತ ಹಣ್ಣು, ಮಣ್ಣು ಬೆರೆತ ಆ ವಾಸನೆಯೇ ನಮಗೆ ಅಪ್ಪನ ವಾಸನೆಯಾಗಿತ್ತು.

ಆ ಸಲದ್ದು ಸ್ವಲ್ಪ ಕಣಿವೆಯ ಲದ್ದಿ, ಸ್ವಲ್ಪ ಗುಡ್ಡದ ಮೇಲಿನದು. ಕಣಿವೆಯ ಮರಗಳನ್ನು ಕಡಿದು ನೀಲಗಿರಿ ನೆಡಬೇಕೆಂದು ಮೇಲಧಿಕಾರಿಗಳ ಯೋಚನೆ. ಬೇಸಿಗೆಯಲ್ಲಿ ಆನೆಗಳಿಗೆ ಆ ಮರಗಳ ಹಣ್ಣೇ ಆಧಾರ ಎಂದು ಅಪ್ಪ ಬೀಜ ತೋರಿಸಿ ಹೇಳಬೇಕಿತ್ತು. ಮರುದಿನವೇ ಸಭೆ. ಅದು ಮುಗಿದೊಡನೆ ಕೊಚ್ಚಿಗೆ ರೈಲು, ಅಲ್ಲಿ ದೋಣಿ ಸವಾರಿ ಎಂದು ನನಗೂ ಮಾತು ಕೊಟ್ಟಿದ್ದರು.

ಮಧ್ಯಾಹ್ನ ಅಮ್ಮ, ಅಕ್ಕ, ನಾನು ಪೇಟೆಯಲ್ಲಿದ್ದಾಗ ಗುಡುಗಿತು. ಓಡಿ ಬಂದು ನೋಡಿದರೆ, ಮನೆಯೊಡತಿ ಅಮ್ಮಚ್ಚಿ ಒಣಹಾಕಿದ ಬಟ್ಟೆಗಳನ್ನೆಲ್ಲ ಒಳಗೆ ತಂದಿಟ್ಟಿದ್ದರು. ಮೊರಗಳು ಮಾತ್ರ ಖಾಲಿ.

“ಆನಪಿಂಡಮಲ್ಲೇ, ವಾಳಯ್ಕು ನಲ್ಲದಾ!” ಎಂದರು ಹೆಮ್ಮೆಯಿಂದ, ಆನೆಲದ್ದಿ ಬಾಳೆಗೆ ಒಳ್ಳೆಯದಲ್ಲವೇ ಎಂದು. ಮಳೆಗೆ ಹಾಳಾಗುವ ಬದಲು ಬಾಳೆಗಾದರೂ ಗೊಬ್ಬರವಾಗಲಿ ಎಂದು ಲದ್ದಿಯನ್ನೆಲ್ಲ ಹಿತ್ತಿಲಿಗೆ ಸುರಿದುಬಿಟ್ಟಿದ್ದರು!

ಅಮ್ಮ ಹಣೆ ಹಿಡಿದು ಕೂತರು. ವಿಷಯ ತಿಳಿದ ಅಮ್ಮಚ್ಚಿ, “ಅಯ್ಯೋ ಎಂಡೆ ದೈವಮೇ!” ಎನ್ನುತ್ತಾ ಮಳೆಯಲ್ಲೇ ಹಿತ್ತಿಲಿಗಿಳಿದರು. ಕಚೇರಿಯಿಂದ ಬಂದ ಅಪ್ಪ ಅವರನ್ನು ಒಂದು ಮಾತೂ ಬೈಯಲಿಲ್ಲ. ಪ್ಯಾಂಟು ಮಡಚಿ ಅವರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ನಾವೆಲ್ಲ ಕೆಸರು ಬಾಚಿ ಜರಡಿಯಲ್ಲಿ ತೊಳೆದೆವು. ಬೀಜಗಳೇನೋ ಸಿಕ್ಕವು, ಬೆಣಚುಕಲ್ಲಿನಂತೆ ಹೊಳೆಯುತ್ತಿದ್ದವು. ಆದರೆ ಕಣಿವೆಯದು ಯಾವುದು, ಗುಡ್ಡದ್ದು ಯಾವುದು ಎಂದು ಹೇಳುವವರಿಲ್ಲ.

“ಎಲ್ಲಾ ಕಣಿವೇದೇ ಅಂದ್ಬಿಡಿ ಅಪ್ಪ. ಆನೆ ಬಂದು ಅಲ್ಲ ಅನ್ನುತ್ತಾ?” ಎಂದಳು ಅಕ್ಕ.

ಅಪ್ಪ ನಕ್ಕರು. “ಅದು ಬರಲ್ಲ ಅಂತಾನೇ ಅಲ್ವೇ ನಾನು ಹೋಗೋದು. ಅದರ ಪರವಾಗಿ ಸುಳ್ಳು ಹೇಳಿ ಸಿಕ್ಕಿಬಿದ್ರೆ, ಆಮೇಲೆ ನಿಜ ಹೇಳಿದ್ರೂ ಯಾರೂ ಕೇಳಲ್ಲ ಕಣೇ.”

ಮೂಲೆಯಂಗಡಿಯ ಫೋನಿನಲ್ಲಿ ಮೇಲಧಿಕಾರಿಯೊಂದಿಗೆ ತುಂಬ ಹೊತ್ತು ಮಾತಾಡಿ ಬಂದರು. ಸಭೆಯನ್ನು ಮುಂದೂಡಲು ಅವರು ಒಪ್ಪಿದ್ದರು. ಬೆಳಗಾದರೆ ಅಪ್ಪ ಮತ್ತೆ ಕಾಡಿಗೆ. ದೋಣಿ ಸವಾರಿ ಇಲ್ಲ. ನಾನು ಅಳತೊಡಗಿದೆ.

“ಅಪ್ಪ, ಆನೆ ಮತ್ತೆ ಅಲ್ಲೇ ಲದ್ದಿ ಹಾಕುತ್ತಾ?”

“ಅದೊಂದು ವಿಷಯದಲ್ಲಿ ಆನೆಗಳನ್ನ ಪೂರ್ತಿ ನಂಬಬಹುದು ಮಗಾ.”

ಅಳುತ್ತಿದ್ದವನು ನಕ್ಕುಬಿಟ್ಟೆ.

ಅಪ್ಪ ಮತ್ತೆ ಆರಿಸಿ ತಂದ ಬೀಜಗಳನ್ನು ಸಭೆಯಲ್ಲಿ ತೋರಿಸಿದರು. ಮಳೆಗಾಲ ಕಳೆದ ಮೇಲೆ ಸುದ್ದಿ ಬಂತು: ಆ ಕಣಿವೆಯ ಮರಗಳಿಗೆ ಕೊಡಲಿ ಬೀಳುವುದಿಲ್ಲ. ಇಂದು ನೀವು ಮರಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ ಸಿಕ್ಕ ಆನೆಗಳನ್ನು ಫೋನಿನಲ್ಲಿ ನೋಡಿ “ಸೋ ಕ್ಯೂಟ್” ಅನ್ನುತ್ತೀರಿ. ನಾವು ಆ ಕಾಡಿನ ಆನೆಯನ್ನು ಒಮ್ಮೆಯೂ ಕಾಣಲಿಲ್ಲ, ಅದರ ಊಟ ಮಾತ್ರ ಗೊತ್ತಿತ್ತು.

ಕೆಸರಲ್ಲಿ ಬೀಜ ಬಾಚಿದ ಆ ಸಂಜೆ ನಮ್ಮ ಊಟ ಅಮ್ಮಚ್ಚಿ ಬೇಯಿಸಿ ತಂದ ಮರಗೆಣಸು, ಕಾಂತಾರಿ ಮೆಣಸಿನ ಚಟ್ನಿ. “ಕಳಿಕ್ಕೂ ಸಾರೇ, ಕಳಿಕ್ಕೂ” ಎಂದು, ತಿನ್ನಿ ತಿನ್ನಿ ಎಂದು, ಅಪ್ಪನಿಗೇ ಮತ್ತೆ ಮತ್ತೆ ಬಡಿಸಿದರು. ಎಲ್ಲರಿಗಿಂತ ಮೊದಲು ನಿದ್ದೆಹೋದದ್ದು ಅಪ್ಪ, ಚಾಪೆ ಹಾಸುವಷ್ಟರಲ್ಲೇ, ಗೋಡೆಗೊರಗಿ.